ಫೈಟರ್ ಮೀನಿಗೆ ಜೊತೆ ಬೇಕೆ? ಬೇಕಾದರೆ ಯಾವುದು?

ಪ್ರಶ್ನೆ: ನಾವು ಮಡಿಕೇರಿಯಲ್ಲಿದ್ದೇವೆ. ಮಗಳ ಹುಟ್ಟುಹಬ್ಬಕ್ಕೆ ತಂದ ನೀಲಿ ಗಂಡು ಫೈಟರ್ ಐದು ತಿಂಗಳಿಂದ ಚೆನ್ನಾಗಿದೆ. ಮೊದಲು ಬೌಲ್‌ನಲ್ಲಿತ್ತು, ಈಗ ಎರಡಡಿ ತೊಟ್ಟಿಗೆ ಬಿಟ್ಟಿದ್ದೇವೆ. ಅಷ್ಟಗಲ ನೀರಿನಲ್ಲಿ ಅದೊಂದೇ ಓಡಾಡುವುದನ್ನು ಕಂಡರೆ ಪಾಪ ಅನಿಸುತ್ತದೆ. ಅಂಗಡಿಯವರು ಎರಡು ಗೋಲ್ಡ್ ಫಿಶ್, ಪಾಚಿ ತಿನ್ನುವ ಸಕ್ಕರ್ ಮೀನು ಒಂದು ಬಿಡಿ ಎನ್ನುತ್ತಾರೆ. ಬಿಡಬಹುದೇ?

ಉತ್ತರ: ಗೋಲ್ಡ್ ಫಿಶ್ ಬೇಡ, ಸಕ್ಕರ್ ಅಂತೂ ಬೇಡವೇ ಬೇಡ. ಬೌಲ್ ಬಿಟ್ಟು ದೊಡ್ಡ ತೊಟ್ಟಿ ಕೊಟ್ಟಿರಲ್ಲ, ಅದು ನೀವು ಮಾಡಿದ ಬಹಳ ಒಳ್ಳೆಯ ಕೆಲಸ.

ಫೈಟರ್, ಅಂದರೆ ಬೆಟ್ಟಾ, ಥಾಯ್ಲೆಂಡ್ ಕಡೆಯ ಗದ್ದೆ, ಹೊಂಡ, ನಿಂತ ನೀರಿನ ಕಾಲುವೆಗಳ ಮೀನು. ಅಲ್ಲಿ ಗಂಡು ತನ್ನದೊಂದು ಮೂಲೆ ಹಿಡಿದು, ನೀರಿನ ಮೇಲೆ ನೊರೆಗುಳ್ಳೆಯ ಗೂಡು ಕಟ್ಟಿ, ಹತ್ತಿರ ಬಂದ ಇನ್ನೊಂದು ಗಂಡನ್ನು ಅಟ್ಟುತ್ತದೆ. ಮೇಲಾಗಿ, ಕಾದಾಟಕ್ಕೆಂದೇ ಜನ ತಲೆಮಾರುಗಟ್ಟಲೆ ಆರಿಸಿ ಸಾಕಿದ ತಳಿ ಇದು. ಹಿಂಡು ಕಟ್ಟಿ ಬಾಳುವ ಮೀನಲ್ಲವಾದ್ದರಿಂದ ಒಂದೇ ಇದ್ದರೆ ಅದಕ್ಕೆ ಬೇಸರವಿಲ್ಲ. ಜೊತೆ ಬೇಕೆನಿಸುವುದು ನಮಗೆ. ಅದು ತಪ್ಪೂ ಅಲ್ಲ. ಆದರೆ ಜೊತೆ ತರುವುದು ನಮ್ಮ ಆಸೆಗೆ ಎಂಬುದು ನೆನಪಿದ್ದರೆ, ಹೊಂದಲಿಲ್ಲವೆಂದು ಕಂಡ ದಿನವೇ ಬೇರೆ ಮಾಡಲು ಮನಸ್ಸು ಬರುತ್ತದೆ.

ಗೋಲ್ಡ್ ಫಿಶ್ ಬೇಡ ಎನ್ನುವುದಕ್ಕೆ ಮಡಿಕೇರಿಯ ಚಳಿಯೇ ಸಾಕು. ಅದು ತಣ್ಣೀರಿನ ಮೀನು, 18ರಿಂದ 22 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಫೈಟರ್‌ಗೆ 25ರಿಂದ 27 ಡಿಗ್ರಿ ಬೇಕು. ಹೀಟರ್ ಹಾಕದಿದ್ದರೆ ಡಿಸೆಂಬರ್, ಜನವರಿಯಲ್ಲಿ ನಿಮ್ಮ ಫೈಟರ್ ರೆಕ್ಕೆ ಮುದುಡಿಕೊಂಡು ತಳದಲ್ಲಿ ಕೂರುತ್ತದೆ; ಹಾಕಿದರೆ ಗೋಲ್ಡ್ ಫಿಶ್ ಬಳಲುತ್ತದೆ. ಸಾಲದ್ದಕ್ಕೆ ಅದರ ಹೇಲೂ ಬಹಳ, ನೀರು ಬೇಗ ಕೆಡುತ್ತದೆ. ಇನ್ನು ಸಕ್ಕರ್. ಅಂಗಡಿಯಲ್ಲಿ ಬೆರಳುದ್ದ ಕಾಣುವ ಅದು ಒಂದಡಿಗೂ ಮೀರಿ ಬೆಳೆಯುತ್ತದೆ. ಪಾಚಿ ಸಾಲದೆ ಬಂದಾಗ, ರಾತ್ರಿ ಮಲಗಿದ ಮೀನಿನ ಮೈಮೇಲಿನ ಲೋಳೆಯನ್ನೇ ಹೀರಲು ಬರುವುದುಂಟು.

ಹಾಗಾದರೆ ಯಾವುದು? ಉದ್ದ ರೆಕ್ಕೆ ಇರಬಾರದು, ಕಣ್ಣು ಕುಕ್ಕುವ ಬಣ್ಣ ಇರಬಾರದು, ರೆಕ್ಕೆ ಕಚ್ಚುವ ಚಟ ಇರಬಾರದು, ನೀರಿನ ಮೇಲ್ಪದರ ಫೈಟರ್‌ಗೇ ಬಿಟ್ಟುಕೊಡುವಂಥದ್ದಾಗಬೇಕು. ಇದರಲ್ಲೇ ಗಪ್ಪಿ ಹೊರಗಾಯಿತು. ಅದರ ಬೀಸಣಿಗೆಯಂಥ ಬಾಲ ಕಂಡರೆ ಫೈಟರ್ ಅದನ್ನು ಇನ್ನೊಂದು ಗಂಡೆಂದೇ ಭಾವಿಸುತ್ತದೆ. ಟೈಗರ್ ಬಾರ್ಬ್, ವಿಡೋ ಟೆಟ್ರಾ ಎರಡೂ ರೆಕ್ಕೆ ಕಚ್ಚುತ್ತವೆ. ಗೌರಾಮಿ ಫೈಟರ್‌ನ ದಾಯಾದಿಯೇ, ಜಾಗಕ್ಕೆ ಜಗಳ ಖಂಡಿತ. ಏಂಜಲ್ ಕೂಡ ಬೇಡ.

ನಿಮ್ಮ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ ಲೆಕ್ಕಕ್ಕೆ 56 ಲೀಟರ್. ಮರಳು, ಮೇಲಿನ ಖಾಲಿ ಜಾಗ ಕಳೆದು 45 ಲೀಟರ್ ನೀರು ಎಂದಿಟ್ಟುಕೊಳ್ಳಿ. ಇಷ್ಟರಲ್ಲಿ ಒಂದು ಫೈಟರ್, ಜೊತೆಗೆ ಒಂದೇ ಒಂದು ಬಗೆಯ ಸಣ್ಣ ಮೀನಿನ ಗುಂಪು. ನನ್ನನ್ನು ಕೇಳಿದರೆ ಹಾರ್ಲೆಕ್ವಿನ್ ರಾಸ್ಬೋರಾ, ಎಂಟು. ಅದೂ ಥಾಯ್ಲೆಂಡ್, ಮಲೇಷ್ಯಾ ಕಡೆಯದು; ಬೆಚ್ಚಗಿನ, ಮೆದು (ಸುಣ್ಣದಂಥ ಲವಣ ಕಡಿಮೆಯಿರುವ) ನೀರು ಬಯಸುತ್ತದೆ. ನಮ್ಮ ಬೆಟ್ಟದ ಬಾವಿ, ಒರತೆಗಳ ನೀರು ಸಾಮಾನ್ಯವಾಗಿ ಮೆದುವೇ. ಎಂಟು ಯಾಕೆಂದರೆ, ಎರಡು ಮೂರೇ ಇದ್ದರೆ ಅವು ಹೆದರಿ ಮೂಲೆ ಸೇರುತ್ತವೆ, ಫೈಟರ್‌ಗೆ ಅಟ್ಟಲು ಒಂದೇ ಗುರಿ ಸಿಕ್ಕಂತಾಗುತ್ತದೆ. ತಳದಲ್ಲಿ ಓಡಾಡುವ ಮೀನು ಇಷ್ಟವಾದರೆ ಕೋರಿ ಕ್ಯಾಟ್‌ಫಿಶ್ ಆರು, ಇಲ್ಲವೆ ಹಾವಿನ ಮರಿಯಂತೆ ಕಾಣುವ ಕುಹ್ಲಿ ಲೋಚ್ ಐದಾರು. ಇವೆರಡಕ್ಕೂ ನುಣುಪು ಮರಳೇ ಬೇಕು. ಚೂಪು ಜಲ್ಲಿಯಲ್ಲಿ ಕೋರಿಯ ಮೀಸೆ ಸವೆದು ಹುಣ್ಣಾಗುತ್ತದೆ.

ಎಲ್ಲವನ್ನೂ ಒಂದೇ ದಿನ ಸುರಿಯಬೇಡಿ. ಹೊಸ ಮೀನನ್ನು ಎರಡು ವಾರ ಬೇರೆ ಪಾತ್ರೆಯಲ್ಲಿಟ್ಟು ರೋಗವಿಲ್ಲವೆಂದು ನೋಡಿಕೊಳ್ಳಿ. ನಿಮ್ಮ ಫೈಟರ್ ಈಗಾಗಲೇ ಇಡೀ ತೊಟ್ಟಿ ತನ್ನದೆಂದು ತಿಳಿದಿದೆ. ಆದ್ದರಿಂದ ಅದನ್ನು ಹೊರತೆಗೆದು, ಗಿಡ, ಕಟ್ಟಿಗೆಗಳ ಜಾಗ ಬದಲಿಸಿ, ಮೊದಲು ಹೊಸಬರನ್ನು ಬಿಡಿ. ಎರಡು ಮೂರು ದಿನ ಕಳೆದ ಮೇಲೆ ಫೈಟರ್ ಮರಳಿ ಬರಲಿ. ಆಗ ಅದಕ್ಕೂ ಜಾಗ ಹೊಸತಾಗಿರುತ್ತದೆ. ಒಮ್ಮೆ ಕಿವಿರು ಅರಳಿಸಿ ತೋರಿಸಿದರೆ ಗಾಬರಿ ಬೇಡ. ದಿನವಿಡೀ ಅಟ್ಟುತ್ತಿದ್ದರೆ, ಯಾವುದಾದರೂ ಮೀನು ಊಟಕ್ಕೂ ಹೊರಬರದಿದ್ದರೆ, ರೆಕ್ಕೆಯ ಅಂಚು ಹರಿದಿದ್ದರೆ ಅವತ್ತೇ ಬೇರೆ ಮಾಡಿ. ಅದಕ್ಕೆ ಹಳೆಯ ಬೌಲ್ ಆಗದು. ಬೇರೆ ಮಾಡಿಡಲು 15 ಲೀಟರ್‌ಗೆ ಕಡಿಮೆಯಿಲ್ಲದ ಇನ್ನೊಂದು ತೊಟ್ಟಿ ಸಿದ್ಧವಿಲ್ಲದಿದ್ದರೆ ಜೊತೆಯನ್ನೇ ತರಬೇಡಿ. ಕೆಲವು ಫೈಟರ್‌ಗಳು ಯಾರನ್ನೂ ಸೇರಿಸುವುದಿಲ್ಲ, ಅದು ಆಯಾ ಮೀನಿನ ಸ್ವಭಾವ.

ಇನ್ನೊಂದು ಮಾತು, ಕಕ್ಕಡದ (ಜುಲೈ, ಆಗಸ್ಟ್‌ನ) ಮಳೆಗೆ ಕರೆಂಟ್ ಹೋಗುವುದರ ಬಗ್ಗೆ. ಫಿಲ್ಟರ್ ನಿಂತರೂ ಫೈಟರ್ ಮೇಲೆ ಬಂದು ಗಾಳಿ ಗುಟುಕರಿಸಿ ಬದುಕುತ್ತದೆ. ಅದರ ತಲೆಯೊಳಗೆ ಅದಕ್ಕೆಂದೇ ಒಂದು ಅಂಗವಿದೆ. ಕೋರಿಯೂ ಗಾಳಿ ನುಂಗಿ ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳುತ್ತದೆ. ರಾಸ್ಬೋರಾಗೆ ಆ ದಾರಿ ಇಲ್ಲ. ಜೊತೆ ತಂದಿರೆಂದರೆ ಬ್ಯಾಟರಿಯ ಏರ್ ಪಂಪ್ ಒಂದನ್ನು ತಂದಿಡಲೇಬೇಕು. ಕರೆಂಟ್ ಬರುವವರೆಗೆ ತೊಟ್ಟಿಯ ಮೂರು ಬದಿಗೆ ಕಂಬಳಿ ಸುತ್ತಿ, ಊಟ ಹಾಕಬೇಡಿ. ಹಲವು ಗಂಟೆ ನಿಂತ ಫಿಲ್ಟರನ್ನು ಹಾಗೇ ಚಾಲೂ ಮಾಡದೆ ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಹಿಂಡಿ ತೊಳೆದು ಹಾಕಿ. ಮೇಲೆ ಮುಚ್ಚಳ ಸದಾ ಇರಲಿ. ಫೈಟರ್ ಹಾರುತ್ತದೆ ಎಂಬುದು ಒಂದು, ಮುಚ್ಚಳದಡಿಯ ಬೆಚ್ಚನೆ ಗಾಳಿ ಅದರ ಉಸಿರಿಗೆ ಬೇಕು ಎಂಬುದು ಇನ್ನೊಂದು. ಹೀಟರ್ ನಿಮ್ಮೂರಿಗೆ 75 ವಾಟ್‌ಗಿಂತ ಕಡಿಮೆ ಸಾಲದು.

ಪ್ರಶ್ನೆ: ಸಿದ್ದಾಪುರ ಹತ್ತಿರ ತೋಟದ ಮನೆ ನಮ್ಮದು. ಫೈಟರ್ ಇರುವ ತೊಟ್ಟಿಗೆ ಹತ್ತು ಕೆಂಪು ಚೆರ್ರಿ ಸಿಗಡಿ, ಎರಡು ಬಸವನಹುಳು ಬಿಟ್ಟೆ. ಮೂರು ವಾರ ಚೆನ್ನಾಗಿದ್ದವು. ಮೇ ಕೊನೆಯಲ್ಲಿ ನೀರು ಬದಲಿಸಿದ ಮರುದಿನ ಎಲ್ಲವೂ ಸತ್ತು ಬಿದ್ದಿದ್ದವು, ಫೈಟರ್‌ಗೆ ಏನೂ ಆಗಿಲ್ಲ. ಅದೇ ಕೊಂದಿತೇ?

ಉತ್ತರ: ನಿಮ್ಮ ಫೈಟರ್ ನಿರಪರಾಧಿ ಎಂದೇ ನನಗನಿಸುತ್ತದೆ. ಅದು ಸಿಗಡಿ ಹಿಡಿದರೆ ತಿನ್ನುತ್ತದೆ, ಹೆಣ ಇಡಿಯಾಗಿ ಉಳಿಯುವುದಿಲ್ಲ. ಹತ್ತೂ ಸಿಗಡಿ, ಜೊತೆಗೆ ಬಸವನಹುಳು, ಎಲ್ಲವೂ ಒಂದೇ ರಾತ್ರಿ ಹೋದವು ಎಂದರೆ ನೀರನ್ನೇ ಅನುಮಾನಿಸಬೇಕು. ನೀವು ಹೇಳಿದ ತಿಂಗಳು ನೋಡಿ. ಮಳೆ ಹಿಡಿಯುವ ಮುಂಚೆ ಕಾಫಿಗೂ ಮೆಣಸಿಗೂ ಬೋರ್ಡೋ ಹೊಡೆಯುವ ಹೊತ್ತು ಅದು. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ, ಮೈಲುತುತ್ತದಲ್ಲಿರುವುದು ತಾಮ್ರ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಸಿಗಡಿಗೆ, ಬಸವನಹುಳುವಿಗೆ ವಿಷ. ನಮ್ಮ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ವರ್ಷಗಳ ಹಿಂದೆ ನನ್ನ ಇಪ್ಪತ್ತು ಸಿಗಡಿಗಳು ಹೀಗೇ ಒಂದು ರಾತ್ರಿಯಲ್ಲಿ ಹೋದವು. ಕಾರಣ ಹುಡುಕಿದರೆ ಒಂದು ಬಕೆಟ್. ಮದ್ದು ಕಲಸಿದ್ದ ಬಕೆಟನ್ನು ಯಾರೋ ಚೆನ್ನಾಗಿಯೇ ತೊಳೆದು ಬಚ್ಚಲಿನ ಹತ್ತಿರ ಇಟ್ಟಿದ್ದರು, ನಾನು ಅದರಲ್ಲೇ ತೊಟ್ಟಿಗೆ ನೀರು ಹೊತ್ತಿದ್ದೆ. ಆ ಬೆಳಗ್ಗೆ ತಳದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿ ಬಿದ್ದಿದ್ದ ಅವುಗಳನ್ನು ಹೆಕ್ಕಿದ ಸಂಕಟ ಇನ್ನೂ ಹೋಗಿಲ್ಲ. ಅಂದಿನಿಂದ ಮೀನಿನ ಕೆಲಸದ ಬಕೆಟ್, ಪೈಪು, ಬಲೆ ಎಲ್ಲಕ್ಕೂ ಬೇರೆ ಬಣ್ಣ, ಬೇರೆ ಜಾಗ.

ನೀವೂ ಹಾಗೇ ಮಾಡಿ. ಮದ್ದು ಹೊಡೆದ ತೋಟದ ಕೆರೆಯ ನೀರು, ಆ ದಿನಗಳಲ್ಲಿ ಹೆಂಚಿನ ಮೇಲಿಂದ ಹಿಡಿದ ಮೊದಲ ಮಳೆಯ ನೀರು ತೊಟ್ಟಿಗೆ ಬೇಡ. ಕುದಿಸಿದರೆ ತಾಮ್ರ ಹೋಗುವುದಿಲ್ಲ. ಬೇರೆ ಕಡೆಯ ಒಳ್ಳೆಯ ನೀರಿನಿಂದ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಬದಲಿಸಿ, ತಳದ ಮರಳು ತೆಗೆದು ಹೊಸತು ಹಾಕಿ, ತಾಮ್ರ ಪರೀಕ್ಷೆಯ ಕಿಟ್ ತರಿಸಿ ನೋಡಿದ ಮೇಲಷ್ಟೇ ಮತ್ತೆ ಸಿಗಡಿ. ಮೀನಿನ ರೋಗಕ್ಕೆ ಮಾರುವ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಬಾಟಲಿಯ ಮೇಲೆ ಓದಿಕೊಳ್ಳಿ. ಮತ್ತೆ ತರುವಾಗ ಪಾಚಿಗಿಡ ದಟ್ಟವಾಗಿರಲಿ. ಮರಿ ಸಿಗಡಿಗಳನ್ನು ಫೈಟರ್ ಖಂಡಿತ ತಿನ್ನುತ್ತದೆ, ಅಡಗಲು ಜಾಗವಿದ್ದರೆ ಕೆಲವಾದರೂ ಉಳಿಯುತ್ತವೆ.

ಪ್ರಶ್ನೆ: ಮಕ್ಕಳು ನಾಪೋಕ್ಲು ಬಳಿ ಗದ್ದೆಯ ತೋಡಿನಿಂದ ಸಣ್ಣ ಮೀನು ಹಿಡಿದು ತಂದಿದ್ದಾರೆ. ಫೈಟರ್ ಕೂಡ ಗದ್ದೆ ಮೀನು ಅಂತಾರಲ್ಲ, ಜೊತೆಗೆ ಬಿಡಬಹುದೇ?

ಉತ್ತರ: ಬೇಡ. ಹೊಳೆ, ತೋಡಿನ ಮೀನು ಮೈಯಲ್ಲಿ ಹುಳು, ಪರೋಪಜೀವಿ ತಂದಿರುತ್ತದೆ. ತಾನು ಅದಕ್ಕೆ ಒಗ್ಗಿರುತ್ತದೆ, ಅಂಗಡಿಯ ಫೈಟರ್ ಒಗ್ಗಿರುವುದಿಲ್ಲ. ಹರಿಯುವ ತಣ್ಣೀರಿನಲ್ಲಿ ಚುರುಕಾಗಿ ಓಡಾಡಿ ಬೆಳೆದದ್ದಕ್ಕೆ ನಿಮ್ಮ ತೊಟ್ಟಿ ಸೆರೆಮನೆಯಾಗುತ್ತದೆ. ಮಕ್ಕಳು ಇನ್ನೂ ಬಕೆಟ್‌ನಲ್ಲೇ ಇಟ್ಟುಕೊಂಡಿದ್ದರೆ ಇವತ್ತೇ ಹಿಡಿದ ಜಾಗಕ್ಕೇ ಬಿಟ್ಟು ಬರಲಿ. ಆದರೆ ಫೈಟರ್‌ನ ತೊಟ್ಟಿಗೆ ಒಮ್ಮೆ ಬಿಟ್ಟಾಗಿದ್ದರೆ ಮತ್ತೆ ಹೊಳೆಗೆ ಬಿಡಬಾರದು, ರೋಗ ಅತ್ತ ಕಡೆಗೂ ದಾಟುತ್ತದೆ. ಸಾಕಿ ಬೇಸರವಾದ ಸಕ್ಕರನ್ನೋ ಗಪ್ಪಿಯನ್ನೋ ಕಾವೇರಿಗೆ, ಹಾರಂಗಿಗೆ ಬಿಟ್ಟು ಬರುವವರಿಗೂ ದಯವಿಟ್ಟು ಇದನ್ನು ತಿಳಿಸಿ.

ಪ್ರಶ್ನೆ: ಕುಶಾಲನಗರದಲ್ಲಿ ಗಂಡು ಫೈಟರ್ ಸಾಕಿದ್ದೇನೆ. ಹೆಣ್ಣು ತಂದರೆ ಜಗಳವಿಲ್ಲದೆ ಇರುತ್ತವೆಯೇ?

ಉತ್ತರ: ಇರುವುದಿಲ್ಲ. ಮರಿ ಮಾಡಿಸುವ ಒಂದೆರಡು ದಿನ ಮಾತ್ರ ಒಟ್ಟಿಗೆ. ಮೊಟ್ಟೆಯಿಟ್ಟ ಕೂಡಲೇ ಗೂಡು ಕಾಯುವ ಗಂಡು ಹೆಣ್ಣನ್ನು ಅಟ್ಟಿ ಕಚ್ಚಿ ಕೊಲ್ಲಲೂ ಬಹುದು. ನಾಲ್ಕೈದು ಹೆಣ್ಣುಗಳನ್ನೇ ಒಟ್ಟಿಗೆ ಸಾಕುವವರೂ ಇದ್ದಾರೆ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಬಲಹೀನವಾದ ಒಂದರ ಮೇಲೆ ಉಳಿದವೆಲ್ಲ ಬೀಳುವುದನ್ನು ನೋಡಿದ್ದೇನೆ, ಹಾಗಾಗಿ ಅದನ್ನೂ ಹೇಳಲಾರೆ. ಹೆಣ್ಣು ಬೇಕೇ ಬೇಕೆಂದರೆ ಅದಕ್ಕೊಂದು ಬೇರೆ ತೊಟ್ಟಿ ಇಡಿ, ಎರಡರ ನಡುವೆ ಒಂದು ರಟ್ಟು ಅಡ್ಡ ನಿಲ್ಲಿಸಿ.