ಕುಂಡದ ನಿಂಬೆ ಗಿಡ ಆಳೆತ್ತರ ಬೆಳೆದಿದೆ, ಹೂವಿಲ್ಲ. ಯಾವಾಗ, ಎಷ್ಟು ಕತ್ತರಿಸಬೇಕು?

ಬೆಂಗಳೂರಿನ ಟೆರೇಸ್, ನರ್ಸರಿಯಿಂದ ತಂದ ಕಸಿ ಗಿಡ, ಮೂರನೇ ವರ್ಷ, ಮೈತುಂಬಾ ಮುಳ್ಳು ಅಂತ ಬರೆದಿದ್ದೀರಿ. ಯಾವ ತಿಂಗಳು ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಗಿಡದ ಬುಡದ ಹತ್ತಿರ ಕೂತು ನೋಡಿ.

ಮಣ್ಣಿನಿಂದ ಸುಮಾರು ಒಂದು ಗೇಣು ಮೇಲೆ ಕಾಂಡ ಸ್ವಲ್ಪ ಸೊಟ್ಟಗಾಗಿ ಗಂಟು ಕಟ್ಟಿದ ಹಾಗೆ ಇರುತ್ತದೆ. ಕಸಿ ಕಟ್ಟಿದ ಜಾಗ ಅದೇ. ಅದರ ಕೆಳಗಿರುವುದು ನೀವು ದುಡ್ಡು ಕೊಟ್ಟು ತಂದ ನಿಂಬೆಯಲ್ಲ. ಜಂಬೀರಿಯೋ ರಂಗಪುರ ನಿಂಬೆಯೋ, ಬೇರು ಗಟ್ಟಿ ಅಂತ ಬಳಸುವ ಬೇರೆ ಜಾತಿ. ಅಲ್ಲಿಂದ ಎದ್ದ ಚಿಗುರು ಬಹಳ ಜೋರು. ಬಿಟ್ಟರೆ ಮೇಲಿನ ಕಸಿಯನ್ನೇ ಸೊರಗಿಸಿಬಿಡುತ್ತದೆ. ನಿಮ್ಮ ಎತ್ತರದ ಕೊಂಬೆ ಹುಟ್ಟಿದ್ದು ಗಂಟಿನ ಕೆಳಗಾದರೆ ಯಾವ ಕಾಲವೆಂದೂ ನೋಡಬೇಡಿ, ಬುಡಸಮೇತ ತೆಗೆಯಿರಿ. ಆದರೆ ಗಂಟಿನ ಮೇಲೆ ಕಸಿಯ ಕೊಂಬೆ ಇನ್ನೂ ಬದುಕಿದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಗಂಟಿನ ಮೇಲೆ ಹುಟ್ಟಿದ್ದಾದರೆ ಅದು ನೀರುಚಿಗುರು. ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಮುಳ್ಳು ಉದ್ದ, ಎಲೆ ದೊಡ್ಡದು. ಎಳೆಯದಿದ್ದಾಗ ಬೆರಳಲ್ಲಿ ಹಿಡಿದು ತಿರುಗಿಸಿ, ದುಂಡಗಿರುವುದಿಲ್ಲ, ಏಣು ಏಣಾಗಿ ಸಿಗುತ್ತದೆ. ಗಿಡದ ಒಳಗಿಂದ ಎದ್ದಿದ್ದರೆ ತೆಗೆಯಿರಿ. ಖಾಲಿ ಇರುವ ಕಡೆ ಬಂದಿದ್ದರೆ ತುದಿ ಮಾತ್ರ ಚಿವುಟಿ, ಪಕ್ಕದಲ್ಲಿ ಕವಲು ಒಡೆಯುತ್ತದೆ. ಇದರ ಜೊತೆಗೆ ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕೊಂಬೆ. ಅಷ್ಟೇ ಸಾಕು. ನಿಂಬೆಗೆ ಗುಲಾಬಿಯಂತೆ ಜಾಸ್ತಿ ಕತ್ತರಿ ಬೇಕಿಲ್ಲ. ಅದರ ಆಹಾರ ಎಲೆಯಲ್ಲೂ ಕೂಡಿಟ್ಟಿರುತ್ತದೆ. ಬೋಳಿಸಿದರೆ ಶಕ್ತಿಯೆಲ್ಲ ಹೊಸ ಚಿಗುರಿಗೆ ಹೋಗುತ್ತದೆ, ಹೂವು ಇನ್ನೂ ತಡವಾಗುತ್ತದೆ.

ಈಗ ತಿಂಗಳು. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್‌ನಿಂದ ಜನವರಿ. ಮಳೆಗಾಲದಲ್ಲಿ ಬೇಡವೇ ಬೇಡ. ಕಜ್ಜಿ ರೋಗ ಹರಡುವುದೇ ಮಳೆ ಹನಿ ಸಿಡಿದು, ಹಸಿ ಗಾಯದ ಮೂಲಕ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಬಳಸಿ. ಬೇಸಿಗೆಯಲ್ಲೂ ಬೇಡ, ನೆರಳು ತಪ್ಪಿದ ಕೊಂಬೆಯ ತೊಗಟೆ ಬಿಸಿಲಿಗೆ ಸುಡುತ್ತದೆ.

ಹೂ ಬಿಡದಿರುವುದಕ್ಕೆ ನನಗೆ ಹೆಚ್ಚು ಅನುಮಾನ ಬಿಸಿಲಿನ ಮೇಲೆ. ನಮ್ಮಲ್ಲಿ ನಿಂಬೆಗೆ ಹೆಸರಾದದ್ದು ವಿಜಯಪುರದ ಇಂಡಿ, ಅಲ್ಲಿನ ಬಿಸಿಲು ಗೊತ್ತಲ್ವಾ? ನಿಮ್ಮ ಕುಂಡಕ್ಕೂ ದಿನಕ್ಕೆ ಆರು ಗಂಟೆ ನೇರ ಬಿಸಿಲು ಸಿಗಬೇಕು. ಜನವರಿಯಲ್ಲಿ ನೀರು ಸ್ವಲ್ಪ ಕಡಿಮೆ ಮಾಡಿ, ಮಧ್ಯಾಹ್ನ ಎಲೆ ತುಸು ಬಾಡುವವರೆಗೆ ಮಾತ್ರ. ಕುಂಡದಲ್ಲಿ ಮಣ್ಣು ಕಡಿಮೆ, ಅದಕ್ಕಿಂತ ಒಣಗಿಸಬೇಡಿ. ಆಮೇಲೆ ಮೇಲಿನ ಎರಡು ಇಂಚು ಮಣ್ಣು ತೆಗೆದು ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ಚೆನ್ನಾಗಿ ನೀರು ಕೊಡಿ. ಈ ಬದಲಾವಣೆಗೇ ಎಷ್ಟೋ ಗಿಡ ಮೊಗ್ಗು ಬಿಡುತ್ತವೆ. ಮೊಗ್ಗು ಬಂದ ಮೇಲೆ ನೀರು ಒಂದೇ ಹದದಲ್ಲಿರಲಿ, ಇಲ್ಲದಿದ್ದರೆ ಉದುರುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ, ಅದರಿಂದ ಬರೀ ಎಲೆ.

ಬೋರ್‌ವೆಲ್ ನೀರಾದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯಬಹುದು. ಗಡಸು ನೀರಲ್ಲಿ ಕಬ್ಬಿಣ, ಸತುವು ಗಿಡಕ್ಕೆ ಸಿಗುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಸಿಟ್ರಸ್ ಸ್ಪೆಷಲ್ ಪುಡಿ ಇದಕ್ಕೆಂದೇ ಇದೆ, ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಎಲೆಗೆ ಸಿಂಪಡಿಸಿ.

ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆ ತೆಗೆದಿಡಿ. ಚಿಗುರೆಲೆ ಮೇಲೆ ಹಕ್ಕಿ ಹಿಕ್ಕೆ ತರಹ ಕಂಡರೆ ಒರೆಸುವ ಮುಂಚೆ ಹತ್ತಿರದಿಂದ ನೋಡಿ, ಅದು ನಿಂಬೆ ಚಿಟ್ಟೆಯ ಮರಿಹುಳು. ಕೈಯಲ್ಲೇ ಆರಿಸಿ ತೆಗೆಯಿರಿ, ಔಷಧಿ ಬೇಡ. ಪಕ್ಕದಲ್ಲಿ ಕರಿಬೇವಿನ ಗಿಡ ಇದ್ದರೆ ಅಲ್ಲೂ ಹುಡುಕಿ, ಅದೂ ಈ ಹುಳುವಿಗೆ ಊಟವೇ.