ಕ್ಯಾಮೆರಾ-ಕಂಪ್ಯೂಟರ್ ಪ್ರಶ್ನೋತ್ತರ: ಅಳಿಸಿಹೋದ ಕುಬಸದ ಫೋಟೊಗಳು

ಪ್ರಶ್ನೆ: ಸರ್, ಅಕ್ಕನ ಮಗಳ ಕುಬಸದಲ್ಲಿ (ಸೀಮಂತದಲ್ಲಿ) ಸುಮಾರು ಮುನ್ನೂರು ಫೋಟೊ ತೆಗೆದಿದ್ದೆ. ಮನೆಗೆ ಬಂದು ಕ್ಯಾಮೆರಾ ಮಗನ ಕೈಗೆ ಕೊಟ್ಟೆ. ಅವನು ಏನೋ ಒತ್ತಿ ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟ. 32 ಜಿಬಿ ಎಸ್‌ಡಿ ಕಾರ್ಡು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಫೋಟೊ ವಾಪಸ್ ಬರ್ತಾವೇನ್ರಿ?
(ಮುದ್ದೇಬಿಹಾಳದ ಓದುಗರು)

ಉತ್ತರ: ನಿಮ್ಮ ಕಾಗದ ಬಂದ ದಿನವೇ ಫೋನ್ ಮಾಡಿ ಅರ್ಧ ಹೇಳಿದ್ದೆ. ಉಳಿದವರಿಗೂ ಬೇಕಾಗಬಹುದು ಎಂದು ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಕ್ಯಾಮೆರಾ ಆಫ್ ಮಾಡಿ ಕಾರ್ಡು ಹೊರಗೆ ತೆಗೆಯಿರಿ. ಅದರ ಎಡ ಅಂಚಿನಲ್ಲಿ ಜೋಳದ ಕಾಳಿನಷ್ಟು ಸಣ್ಣದೊಂದು ತುಂಡು ಜರುಗುತ್ತದೆ. ಅದನ್ನು ಕೆಳಕ್ಕೆ ಸರಿಸಿ. ಈಗ ಕಾರ್ಡು ಲಾಕ್ ಆಯಿತು. ಮಗ ಮತ್ತೆ ಏನು ಒತ್ತಿದರೂ ಕ್ಯಾಮೆರಾ ಅದರ ಮೇಲೆ ಬರೆಯುವುದಿಲ್ಲ.

ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದ ಕೂಡಲೇ ಫೋಟೊ ಹೋಗುವುದಿಲ್ಲ. ಮನೆ ಮುಂದೆ ‘ಬಾಡಿಗೆಗೆ ಇದೆ’ ಎಂದು ಬೋರ್ಡು ಹಾಕಿದ ಹಾಗೆ ಅಷ್ಟೇ. ಒಳಗೆ ಹಳೆಯವರ ಸಾಮಾನು ಹಾಗೇ ಇದೆ. ಹೊಸಬರು ಬಂದು ಟ್ರಂಕು, ಹಾಸಿಗೆ ಇಟ್ಟ ಮೇಲೆ ಹಳೆಯದಕ್ಕೆ ಜಾಗವಿಲ್ಲ. ಅದಕ್ಕೇ ಆ ಕಾರ್ಡಿನಲ್ಲಿ ಇನ್ನೊಂದೂ ಫೋಟೊ ತೆಗೆಯಬೇಡಿ, ಸುಮ್ನೆ ಪರೀಕ್ಷೆಗೂ ಬೇಡ. ಕೆಲವು ಕ್ಯಾಮೆರಾಗಳಲ್ಲಿ ‘ಲೋ ಲೆವೆಲ್ ಫಾರ್ಮ್ಯಾಟ್’ ಎಂಬ, ಒಳಗಿನದನ್ನೂ ಪೂರ್ತಿ ಒರೆಸಿಹಾಕುವ ಆಯ್ಕೆ ಇರುತ್ತದೆ. ಮಗ ಅದಕ್ಕೂ ಟಿಕ್ ಹಾಕಿದ್ದರೆ ಮಾತ್ರ ಆಸೆ ಕಡಿಮೆ.

ಇನ್ನು ಹುಡುಕುವ ಕೆಲಸ. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಇದೆ. ಕಪ್ಪು ಪರದೆ, ಬಿಳಿ ಅಕ್ಷರ, ನೋಡಲು ಚೆಂದವಿಲ್ಲ. ಕೆಲಸ ಮಾತ್ರ ಗಟ್ಟಿ. ಕಾರ್ಡನ್ನು ಕಾರ್ಡ್ ರೀಡರ್‌ಗೆ ಹಾಕಿ ಕಂಪ್ಯೂಟರಿಗೆ ಜೋಡಿಸಿ. ಕ್ಯಾಮೆರಾ ಕೇಬಲ್ ಹಾಕಿದರೆ ಸಾಮಾನ್ಯವಾಗಿ ಕಾರ್ಡು ಡ್ರೈವ್ ಆಗಿ ಕಾಣುವುದಿಲ್ಲ. ಸಿಕ್ಕ ಫೋಟೊಗಳನ್ನು ಕಂಪ್ಯೂಟರಿನಲ್ಲೇ ಉಳಿಸಿ, ಅದೇ ಕಾರ್ಡಿಗಲ್ಲ. ಹಳೆಯ ಹೆಸರು ಇರುವುದಿಲ್ಲ, ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ ಬರುತ್ತದೆ. ಗಾಬರಿಯಾಗಬೇಡಿ, ತೆಗೆದ ದಿನ, ಹೊತ್ತು ಫೋಟೊದ ಒಳಗೇ ಇರುತ್ತದೆ. ವಿಡಿಯೊ ಮಾತ್ರ ಅರ್ಧಂಬರ್ಧ ಬರುವುದು ಜಾಸ್ತಿ.

ಇಷ್ಟು ಉದ್ದ ಬರೆಯುವುದಕ್ಕೆ ಕಾರಣ ಇದೆ. ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಮುಳುಗಡೆಯಾಯಿತು. ಖಾಲಿ ಮಾಡುವ ಮುಂಚೆ ಗೆಳೆಯನ ಡಿಜಿಟಲ್ ಕ್ಯಾಮೆರಾ ತಂದು ತೊಲೆ, ತಲಬಾಗಿಲು, ಅವ್ವನ ಒಲೆ, ಎಲ್ಲಾ ತೆಗೆದಿದ್ದೆ. 64 ಎಂಬಿ ಕಾರ್ಡು. ಕಂಪ್ಯೂಟರಿಗೆ ಹಾಕಿದ್ದೇನೆ ಎಂದುಕೊಂಡು ಅಳಿಸಿದೆ. ಹಾಕಿರಲಿಲ್ಲ. ಅದರ ಮೇಲೇ ದೀಪಾವಳಿ ಪಟಾಕಿ ಫೋಟೊ ತೆಗೆದೆ. ಆ ಪಟಾಕಿ ಫೋಟೊಗಳು ಇವತ್ತಿಗೂ ನನ್ನ ಹತ್ತಿರ ಇವೆ.

ಪ್ರಶ್ನೆ: ಹೊಸ 1 ಟಿಬಿ ಹಾರ್ಡ್ ಡಿಸ್ಕ್ ತಂದೆ. ಕಂಪ್ಯೂಟರ್ 931 ಜಿಬಿ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರಾ?
(ಜಮಖಂಡಿ)

ಉತ್ತರ: ಇಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಡಿಸ್ಕ್ ಸರಿಯಾಗಿಯೇ ಇದೆ, ಅಂಗಡಿಯವರ ಜೊತೆ ಜಗಳ ತೆಗೆಯಬೇಡಿ.

ಪ್ರಶ್ನೆ: ಮಳೆಗಾಲ ಮುಗಿಸಿ ಲೆನ್ಸ್ ತೆಗೆದರೆ ಒಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಒರೆಸಿದರೂ ಹೋಗುತ್ತಿಲ್ಲ. ಬಿಸಿಲಿಗೆ ಇಡಲೇ?
(ಖಾನಾಪುರ, ಬೆಳಗಾವಿ ಜಿಲ್ಲೆ)

ಉತ್ತರ: ಅದು ಬೂಷ್ಟು. ನಿಮ್ಮ ಕಡೆ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಉಪ್ಪಿನಕಾಯಿ ಭರಣಿಗೇ ಬೂಷ್ಟು ಬರುತ್ತದೆ, ಲೆನ್ಸ್ ಯಾವ ಲೆಕ್ಕ? ಗಾಜಿನ ಒಳಮುಖಕ್ಕೆ ಹತ್ತಿದ್ದನ್ನು ಹೊರಗಿನಿಂದ ಎಷ್ಟು ಒರೆಸಿದರೂ ಏನು ಬಂತು?

ಬಿಸಿಲಿಗೆ ಬೇಡ. ಕಾವಿಗೆ ಒಳಗಿನ ಗ್ರೀಸ್ ಇಳಿಯುತ್ತದೆ. ಮೇಲಾಗಿ ಲೆನ್ಸ್ ಎಂದರೆ ಭೂತಗನ್ನಡಿ, ಹಿಂದಿರುವ ಬಟ್ಟೆಗೆ ಬೆಂಕಿ ಹತ್ತೀತು. ರಿಪೇರಿಯವರಿಗೆ ತೋರಿಸಿ, ಆದರೆ ಕ್ಯಾಮೆರಾ ಜೊತೆಗೇ ಬಂದ ಸಾದಾ ಲೆನ್ಸ್ ಆಗಿದ್ದರೆ ಮೊದಲು ಖರ್ಚು ಕೇಳಿ. ಅದೇ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಲೆನ್ಸ್ ಸಿಗಬಹುದು.

ಮುಂದಿನ ಮಳೆಗಾಲಕ್ಕೆ ಚರ್ಮದ ಕೇಸ್ ಬಿಟ್ಟುಬಿಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಬಣ್ಣ ಬದಲಿಸುವ ನೀಲಿ ಸಿಲಿಕಾ ಜೆಲ್ ಹರಳನ್ನು ತೆಳ್ಳನೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಕುಡಿದಿದೆ ಎಂದು ಅರ್ಥ. ಅಡುಗೆಗೆ ಬಳಸದ ಹಳೆಯ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಒಳಗಿನ ತೇವ ನೂರಕ್ಕೆ 40ರಿಂದ 50ರಷ್ಟಿದ್ದರೆ ಸಾಕು. ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುವವರಿದ್ದಾರೆ. ಅಕ್ಕಿ ಹಿಟ್ಟಿನ ಧೂಳು ಸಂದುಗಳಲ್ಲಿ ಹೊಕ್ಕು ಇನ್ನೊಂದು ತಂಟೆ.

ಪ್ರಶ್ನೆ: ಮನೆಯಲ್ಲಿ ಇನ್ವರ್ಟರ್ ಇದೆ. ಕರೆಂಟ್ ಹೋದಾಗ ಲೈಟು, ಫ್ಯಾನು ನಡೆಯುತ್ತವೆ, ಕಂಪ್ಯೂಟರ್ ಮಾತ್ರ ಬಂದ್ ಆಗಿ ಮತ್ತೆ ಶುರುವಾಗುತ್ತದೆ.
(ಸಿಂದಗಿ)

ಉತ್ತರ: ಇನ್ವರ್ಟರ್ ಹಿಂದೆ ಕೈ ಹಾಕಿ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ‘ನಾರ್ಮಲ್’, ‘ಯುಪಿಎಸ್’ ಎಂಬ ಎರಡು ಗುರುತಿನ ಸ್ವಿಚ್ ಇರುತ್ತದೆ. ಯುಪಿಎಸ್ ಕಡೆ ಒತ್ತಿ. ಬದಲಾಗುವ ಹೊತ್ತು ಕಡಿಮೆಯಾಗುತ್ತದೆ, ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಆಗಲೂ ಬಂದ್ ಆದರೆ ಕಂಪ್ಯೂಟರಿಗೆ ಬೇರೆ ಸಣ್ಣ ಯುಪಿಎಸ್ ತನ್ನಿ.

ಪ್ರಶ್ನೆ: ಗೋಳಗುಮ್ಮಟದ ಒಳಗೆ ಫ್ಲ್ಯಾಶ್ ಹಾಕಿದರೂ ಫೋಟೊ ಕಪ್ಪಾಗಿ ಬರುತ್ತದೆ. ಹೊಸ ಕ್ಯಾಮೆರಾ ಬೇಕೇ?
(ವಿಜಯಪುರ)

ಉತ್ತರ: ಬೇಡ, ಫ್ಲ್ಯಾಶ್ ಆಫ್ ಮಾಡಿದರೆ ಸಾಕು. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮೂರ್ನಾಲ್ಕು ಮೀಟರ್ ಬೆಳಗುತ್ತದೆ. ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್! ಬೆಳಕು ಮೇಲಕ್ಕೆ ಮುಟ್ಟುವುದಿಲ್ಲ, ಮುಂದೆ ನಿಂತವರ ತಲೆ ಮಾತ್ರ ಬೆಳ್ಳಗೆ ಬರುತ್ತದೆ. ಐಎಸ್‌ಒ 1600 ಅಥವಾ 3200 ಇಡಿ, ಅದು ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಎನ್ನುವ ಅಂಕಿ. ಬೆನ್ನು ಗೋಡೆಗೆ ಆನಿಸಿ, ಮೊಣಕೈ ಎದೆಗೆ ಒತ್ತಿ, ಉಸಿರು ಬಿಟ್ಟು ಕ್ಲಿಕ್ ಮಾಡಿ. ಫೋಟೊದಲ್ಲಿ ಸ್ವಲ್ಪ ರವೆ ರವೆ ಕಾಣಬಹುದು, ಅಲುಗಾಡಿದ್ದಕ್ಕಿಂತ ಅದು ವಾಸಿ, ಅಲ್ವಾ? ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹೋದಾಗ ಒಂದು ವಿಡಿಯೊನೂ ತೆಗೆಯಿರಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಶಾಲಾ ಪ್ರವಾಸದ ಬಸ್ಸು ಬಂದವೆಂದರೆ ನಿಮ್ಮ ಪಿಸುಮಾತು ನಿಮಗೇ ಕೇಳಿಸುವುದಿಲ್ಲ.