ಸ್ಟಾಕ್‌ಹೋಮ್‌ನಲ್ಲಿ ಫೈನಲ್ ಓಡದ ಹೋವರ್ಡ್ ಡ್ರೂ

ಓದುಗರ ಪತ್ರ: ಜೆಸ್ಸಿ ಓವೆನ್ಸ್ ಲೇಖನ ಚೆನ್ನಾಗಿತ್ತು. ಅವರಿಗಿಂತ ಮೊದಲು ಅಮೆರಿಕದಲ್ಲಿ ಕಪ್ಪು ಓಟಗಾರರು ಇರಲಿಲ್ಲವೇ? 1912ರಲ್ಲಿ ಒಬ್ಬರನ್ನು ಕೋಣೆಯಲ್ಲಿ ಕೂಡಿಹಾಕಿ ಫೈನಲ್ ತಪ್ಪಿಸಿದರಂತೆ, ನಿಜವೇ? ಅದಿರಲಿ, ವೇಗ ಅವರ ಮೈಯಲ್ಲೇ ಹುಟ್ಟಿಬಂದದ್ದು ಅಲ್ವಾ?
— ಓದುಗರೊಬ್ಬರು, ಬೆಳಗಾವಿ

ಸಂಪಾದಕರ ಉತ್ತರ: ಕೂಡಿಹಾಕಿದ ಕಥೆಯನ್ನು ನಂಬಬೇಡಿ. ನೀವು ಕೇಳಿದ್ದು ಹೋವರ್ಡ್ ಡ್ರೂ ಬಗ್ಗೆ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನ ಈ ಹೈಸ್ಕೂಲ್ ಹುಡುಗ 1912ರ ಒಲಿಂಪಿಕ್ಸ್‌ನ ಆಯ್ಕೆ ಓಟದಲ್ಲಿ ರಾಲ್ಫ್ ಕ್ರೇಗ್‌ರನ್ನು ಸೋಲಿಸಿದ್ದ. ಸ್ಟಾಕ್‌ಹೋಮ್‌ನಲ್ಲಿ 100 ಮೀಟರ್ ಸೆಮಿಫೈನಲ್ ಗೆದ್ದ, ಆದರೆ ಕಾಲು ಕೈಕೊಟ್ಟಿತು. ಫೈನಲ್ ಓಡಲಾಗಲಿಲ್ಲ. ಚಿನ್ನ ಗೆದ್ದದ್ದು ಅದೇ ಕ್ರೇಗ್, 10.8 ಸೆಕೆಂಡಿನಲ್ಲಿ. 1914ರಲ್ಲಿ ಡ್ರೂ 100 ಗಜವನ್ನು 9.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಸರಿಗಟ್ಟಿದರು. ‘ಜಗತ್ತಿನ ಅತಿ ವೇಗದ ಮನುಷ್ಯ’ ಅಂತ ಪತ್ರಿಕೆಗಳು ಕೊಂಡಾಡಿದವು. ಇನ್ನೊಂದು ಒಲಿಂಪಿಕ್ಸ್ ಸಿಕ್ಕಿದ್ದರೆ? 1916ರ ಬರ್ಲಿನ್ ಕೂಟವನ್ನು ಯುದ್ಧ ನುಂಗಿತು. ಅವರನ್ನು ಜನ ಮರೆತದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ. ಆಮೇಲೆ ಅವರು ಕಾನೂನು ಓದಿ, ಹಾರ್ಟ್‌ಫರ್ಡ್‌ನಲ್ಲಿ ವಕೀಲರಾಗಿ, ಮುಂದೆ ನ್ಯಾಯಾಧೀಶರೂ ಆದರು.

ಡ್ರೂ ಮೊದಲಿಗರೂ ಅಲ್ಲ. ಜಾರ್ಜ್ ಪೋಜ್ 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹರ್ಡಲ್ಸ್‌ನಲ್ಲಿ ಎರಡು ಕಂಚು ಗೆದ್ದರು. ವಿಸ್ಕಾನ್ಸಿನ್‌ನಲ್ಲಿ ಪದವಿ ಪಡೆದಿದ್ದ ಅವರು ಕೊನೆಗೆ ಹಲವು ವರ್ಷ ಶಿಕಾಗೋದ ಅಂಚೆ ಇಲಾಖೆಯಲ್ಲಿ ದುಡಿದರು. ಜಾನ್ ಟೇಲರ್ 1908ರಲ್ಲಿ ಲಂಡನ್‌ನ ರಿಲೇ ತಂಡದಲ್ಲಿ ಚಿನ್ನ ಗೆದ್ದ ಪಶುವೈದ್ಯ. ಅದೇ ವರ್ಷ ಡಿಸೆಂಬರ್‌ನಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ಆಗ ಅವರಿಗೆ ಬರೀ 26 ವರ್ಷ.

ಈಗ ಮೈಯಲ್ಲೇ ಹುಟ್ಟಿಬಂದ ವೇಗದ ಮಾತು. ಅಭಿಮಾನದಿಂದಲೇ ಕೇಳಿದ್ದೀರಿ, ಗೊತ್ತು. ಆದರೆ ಈ ಮಾತು ಹುಟ್ಟಿದ್ದು ಅಭಿಮಾನದಿಂದಲ್ಲ. ಡ್ರೂ ಓಡುತ್ತಿದ್ದ ಕಾಲದಲ್ಲಿ ವಾದ ಪೂರಾ ಉಲ್ಟಾ ಇತ್ತು: ಕಪ್ಪು ಜನರಿಗೆ ದಮ್ಮಿಲ್ಲ, ಎದೆಗಾರಿಕೆ ಇಲ್ಲ. 1932ರಲ್ಲಿ ಎಡ್ಡಿ ಟೋಲನ್ 100 ಮೀಟರ್, 200 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. 1936ರಲ್ಲಿ ಓವೆನ್ಸ್ ನಾಲ್ಕು ಚಿನ್ನ ಗೆದ್ದರು. ಆಗ ಶುರುವಾಯ್ತು ನೋಡಿ, ಅವರ ಹಿಮ್ಮಡಿ ಮೂಳೆ ಉದ್ದ, ಮೀನಖಂಡ ಬೇರೆ ಥರ ಅಂತ. ಸೋತರೆ ಜನಾಂಗದ ದೋಷ, ಗೆದ್ದರೆ ಮೂಳೆಯ ಮಹಿಮೆ. ಬೆಳಗಿನ ಜಾವದ ಅಭ್ಯಾಸಕ್ಕೆ ಎಲ್ಲೂ ಲೆಕ್ಕವೇ ಇಲ್ಲ. 1920ರಲ್ಲಿ ಬಿಳಿಯ ಚಾರ್ಲಿ ಪ್ಯಾಡಕ್ 100 ಮೀಟರ್ ಗೆದ್ದಾಗ ಇಂಥ ಹಿಮ್ಮಡಿ ಪುರಾಣ ಯಾರಿಗೂ ಬೇಕಾಗಲಿಲ್ಲ.

ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರ್ ಮಾಂಟೆಗ್ಯೂ ಕಾಬ್ ಎಂಬ ಅಂಗರಚನಾ ತಜ್ಞ ಇದ್ದರು, ಸ್ವತಃ ಕಪ್ಪುವರ್ಣೀಯರು. ವಾದ ಮಾಡುವುದಕ್ಕಿಂತ ಅಳೆದೇ ನೋಡೋಣ ಅಂದುಕೊಂಡರು. ಓವೆನ್ಸ್ ಕಾಲನ್ನೇ ಪರೀಕ್ಷಿಸಿದರು. ಬಿಳಿಯರ ಲಕ್ಷಣ ಅಂತ ಹೇಳುತ್ತಿದ್ದ ಮೀನಖಂಡವೇ ಓವೆನ್ಸ್‌ಗಿತ್ತು! ಆಗಿನ ಕಪ್ಪು ಓಟಗಾರರೆಲ್ಲರಲ್ಲೂ ಒಂದೇ ಥರ ಇರುವ ಯಾವ ದೈಹಿಕ ಗುಣವೂ ಇಲ್ಲ, ಚರ್ಮದ ಬಣ್ಣವೂ ಒಂದೇ ಅಲ್ಲ ಎಂದು 1936ರಲ್ಲೇ ಬರೆದರು.

ಯಾರು ಕೇಳಬೇಕಲ್ಲ? ಐದು ವರ್ಷದ ಮೇಲೆ ಡೀನ್ ಕ್ರಾಮ್‌ವೆಲ್ ಎಂಬ ಹೆಸರಾಂತ ಕೋಚ್ ಬರೆದದ್ದು ನೋಡಿ: ಕಪ್ಪು ಮನುಷ್ಯನಿಗೆ ಕಾಡಿನಲ್ಲಿ ಓಟ, ಜಿಗಿತವೇ ಜೀವ ಉಳಿಸುತ್ತಿತ್ತು, ಅದು ತೀರಾ ಹಿಂದಿನ ಮಾತೂ ಅಲ್ಲ, ಅದಕ್ಕೇ ಅವನಿಗೆ ಅವು ಸಲೀಸು ಎಂಬ ಅರ್ಥದ ಮಾತು. ಈತ ದಶಕಗಳ ಕಾಲ ಕೋಚ್ ಆಗಿದ್ದದ್ದು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಡ್ರೂ ಓಡಿದ್ದೂ ಅಲ್ಲಿಯೇ. ಡ್ರೂ ಕಂಡ ಕಾಡು ಸ್ಪ್ರಿಂಗ್‌ಫೀಲ್ಡ್‌ನ ಬೀದಿಗಳು, ಕಾನೂನು ಪುಸ್ತಕಗಳು.

ನೀವು ಬೆಳಗಾವಿಯವರಾದ್ದರಿಂದ ಒಂದು ಮಾತು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಹ್ಯಾರಿ ಎಡ್ವರ್ಡ್ 100 ಮೀಟರ್, 200 ಮೀಟರ್ ಎರಡರಲ್ಲೂ ಕಂಚು ಗೆದ್ದರು, ಬ್ರಿಟನ್ ಪರವಾಗಿ. ಅದೇ ಕೂಟದ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಮುಗಿಸಿದ್ದು ನಿಮ್ಮ ಊರಿನ ಫಡೆಪ್ಪ ದರೆಪ್ಪ ಚೌಗುಲೆ. ಅವರ ಬಗ್ಗೆ ಹಳೆಯ ಫೋಟೊ, ಪತ್ರ, ಮನೆಯವರ ನೆನಪು ನಿಮ್ಮ ಕಡೆ ಯಾರ ಬಳಿಯಾದರೂ ಇದ್ದರೆ ನಮಗೆ ಕಳಿಸಿ. ಲೇಖನ ಮಾಡೋಣ.